ಮೊದಲ ರೈಫಲ್‌ಗೆ ಸೆಮಿ ಆಟೋಮ್ಯಾಟಿಕ್ ಬೇಡ, ಏರ್ ರೈಫಲ್ ತಗೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಮಂಡ್ಯ ಕಡೆ ಹುಡುಗ್ರು ಮೊಬೈಲಲ್ಲಿ ಅಮೆರಿಕದ ಗನ್ ವಿಡಿಯೋ ನೋಡಿ ನೋಡಿ ಬಂದು ಕೇಳೋದು ಒಂದೇ ಪ್ರಶ್ನೆ, ಅಣ್ಣಾ ಒಂದಷ್ಟು ದುಡ್ಡು ಕೂಡಿಟ್ಟಿದೀನಿ, ಜಾಸ್ತಿ ಇಲ್ಲ, ಮೊದ್ಲನೇ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾವ್ದು ತಗೊಳ್ಲಿ ಅಂತ. ನಾನು ಕಾಲೇಜಲ್ಲಿ ಎನ್‌ಸಿಸಿಲಿ .22 ರೈಫಲ್ ಹೊಡೆದೋನು, ಈಗ್ಲೂ ಏರ್ ರೈಫಲ್ ಬಿಟ್ಟಿಲ್ಲ, ಹಂಗಾಗಿ ನನ್ನ ಹತ್ರಾನೇ ಬರ್ತಾರೆ. ಕೇಳೋದ್ರಲ್ಲಿ ಏನೂ ತಪ್ಪಿಲ್ಲ, ಗುರಿ ಹೊಡೆಯೋ ಆಸೆ ಒಳ್ಳೇದೇ, ಆದ್ರೆ ಆ ಹುಡುಗ್ರಿಗೆ ಸರಿಯಾದ ಉತ್ತರ ಸಿಗ್ತಿಲ್ಲ. ಒಬ್ರು ಬೈದು ಕಳಿಸ್ತಾರೆ, ಇನ್ನೊಬ್ರು ಎಲ್ಲಾದ್ರೂ ಸಿಗುತ್ತೆ ಬಿಡೋ ನೋಡಣ ಅಂತಾರೆ, ಈ ಎರಡನೇ ಮಾತು ಒಬ್ಬನ ಜೀವನಾನೇ ಹಾಳು ಮಾಡುತ್ತೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದ್ಲು ಕಾನೂನಿನ ವಿಷ್ಯ ಮುಗಿಸಿಬಿಡ್ತೀನಿ. ಸೆಮಿ ಆಟೋಮ್ಯಾಟಿಕ್ ರೈಫಲ್‌ಲಿ ಟ್ರಿಗರ್ ಒಂದ್ಸಲ ಎಳೆದ್ರೆ ಒಂದೇ ಗುಂಡು ಹೋಗುತ್ತೆ, ಆದ್ರೆ ಖಾಲಿ ಕೇಸ್ ತಾನಾಗೇ ಹೊರಗೆ ಬಿದ್ದು ಮುಂದಿನ ಗುಂಡು ಚೇಂಬರ್‌ಗೆ ಬಂದು ಕೂತ್ಕೊಳುತ್ತೆ, ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯೋ ಕೆಲಸ ಇರಲ್ಲ. ನಮ್ಮ ಸೇನೆ ಇಟ್ಕೊಂಡಿದ್ದ ರೈಫಲ್ 7.62 ಎಸ್‌ಎಲ್‌ಆರ್ ಇದೇ ಜಾತೀದು. 2016ರ ಆರ್ಮ್ಸ್ ರೂಲ್ಸ್ ಪಟ್ಟೀಲಿ ಇಂಥ ರೈಫಲ್ ಒಂದನೇ ವರ್ಗಕ್ಕೆ ಸೇರಿದೆ, ಇದಕ್ಕೆ ಮಂಡ್ಯದ ಡಿಸಿ ಸಾಹೇಬ್ರಾಗ್ಲಿ ಮೈಸೂರಿನ ಪೊಲೀಸ್ ಕಮಿಷನರ್ ಆಗ್ಲಿ ಲೈಸೆನ್ಸ್ ಕೊಡೋ ಹಂಗಿಲ್ಲ, ದೆಹಲಿಯ ಗೃಹ ಸಚಿವಾಲಯವೇ ಕೊಡ್ಬೇಕು, ಅದೂ ಪ್ರಾಣಕ್ಕೆ ಗಂಭೀರ ಬೆದರಿಕೆ ಇದೆ ಅಂತ ಸಾಬೀತಾಗೋ ಅಂಥವ್ರಿಗೆ. .32 ಪಿಸ್ತೂಲೂ ಸೆಮಿ ಆಟೋನೇ ಅಲ್ವಾ, ಅದಕ್ಕೆ ಹೆಂಗೆ ಲೈಸೆನ್ಸ್ ಕೊಡ್ತಾರೆ ಅಂತ ಕೆಲವ್ರು ವಾದ ಮಾಡ್ತಾರೆ, ನಿಜ, ಆದ್ರೆ ಪಿಸ್ತೂಲು ರಿವಾಲ್ವರ್‌ನ ಆ ಪಟ್ಟೀಲೇ ಬೇರೆ ವರ್ಗಕ್ಕೆ ಹಾಕಿದಾರೆ, ರೈಫಲ್‌ಗೆ ಆ ರಿಯಾಯ್ತಿ ಇಲ್ಲ. ಇಲ್ಲಿ ಲೈಸೆನ್ಸ್ ಮೇಲೆ ಸಿಗೋ ರೈಫಲ್ ಅಂದ್ರೆ ಹೆಚ್ಚಾಗಿ .315 ಬೋಲ್ಟ್ ಆಕ್ಷನ್ನು, ಅದಕ್ಕೂ ವಯಸ್ಸು 21 ಆಗಿರ್ಬೇಕು, ಕಾರಣ ತೋರಿಸ್ಬೇಕು, ಪೊಲೀಸ್ ವರದಿ ಆಗ್ಬೇಕು. ಕೊಡಗಿನಲ್ಲಿ ಫ್ರೆಂಡ್ ಮನೇಲಿ ಕೋವಿ ಇದೆ, ಅವ್ರಿಗೆ ಲೈಸೆನ್ಸೇ ಬೇಡ್ವಂತೆ ಅಂತ ಇನ್ನೊಂದು ಮಾತು ಬರುತ್ತೆ. ಆ ವಿನಾಯ್ತಿ ಇರೋದು ಕೊಡವರಿಗೆ ಮತ್ತೆ ಜಮ್ಮಾ, ಅಂದ್ರೆ ಅಲ್ಲಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ, ಬ್ರಿಟಿಷರ ಕಾಲದಿಂದ ಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸ್ತು, ಹತ್ತಿರದ ಜಿಲ್ಲೆ ಅನ್ನೋ ಕಾರಣಕ್ಕೆ ಅದು ನಮಗೆ ಬರಲ್ಲ.

ಇನ್ನು ಎಲ್ಲೋ ಸಿಗುತ್ತೆ ಅನ್ನೋ ಮಾತು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ನಿಷೇಧಿತ ಆಯುಧ ಲೈಸೆನ್ಸ್ ಇಲ್ದೆ ಇಟ್ಕೊಂಡ್ರೆ ಕನಿಷ್ಠ 7 ವರ್ಷ ಜೈಲು, 14 ವರ್ಷದವರೆಗೂ ಹೋಗ್ಬೋದು. ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋ ಹುಡುಗನಿಗೆ ಇದನ್ನ ಯಾರೂ ಕೂರಿಸಿ ಹೇಳಲ್ಲ. ಮದುವೆ ಜಾತ್ರೇಲಿ ಗಾಳೀಗೆ ಗುಂಡು ಹಾರಿಸೋದೂ ಅದೇ ತಿದ್ದುಪಡೀಲಿ ಅಪರಾಧ ಆಗಿದೆ, ಎರಡು ವರ್ಷದವರೆಗೆ ಜೈಲು ಇಲ್ಲಾಂದ್ರೆ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳ್ಬೋದು.

ಆದ್ರೆ ನಾನು ಹೇಳೋಕೆ ಹೊರಟಿರೋದು ಬರೀ ಬೇಡ ಬೇಡ ಅಂತ ಅಲ್ಲ. ಆ ವಿಡಿಯೋಗಳನ್ನೇ ಸರಿಯಾಗಿ ನೋಡಿ. ಅಮೆರಿಕದಲ್ಲಿ ತಿಳಿದೋರು ಹೊಸಬರಿಗೆ ಏನ್ ಹೇಳ್ತಾರೆ, ಮೊದ್ಲೇ ಎಆರ್-15 ಥರದ ದೊಡ್ಡ ರೈಫಲ್‌ಗೆ ಕೈ ಹಾಕ್ಬೇಡ, 1964ರಿಂದ ಬರ್ತಿರೋ ರುಗರ್ 10/22 ಥರದ .22 ರೈಫಲ್ ತಗೋ, ಗುಂಡು ಅಗ್ಗ, ಭುಜಕ್ಕೆ ಒದೆಯಲ್ಲ, ದುಡ್ಡೆಲ್ಲಾ ರೈಫಲ್‌ಗೇ ಸುರಿಯೋ ಬದ್ಲು ಪ್ರಾಕ್ಟೀಸ್‌ಗೆ ಹಾಕು ಅಂತ. ಅಂದ್ರೆ ಅಲ್ಲೂ ಮೊದ್ಲನೇ ರೈಫಲ್ ಆರಿಸೋ ಲೆಕ್ಕ ಇರೋದು ಒದೆತ ಕಮ್ಮಿ, ಖರ್ಚು ಕಮ್ಮಿ, ಹೊಡೆಯೋದು ಜಾಸ್ತಿ ಅನ್ನೋದ್ರ ಮೇಲೆ. ಅದೇ ಲೆಕ್ಕ ನಮ್ಮ ನೆಲಕ್ಕೆ ಹಾಕಿದ್ರೆ ಬರೋ ಉತ್ತರ 4.5 ಎಂಎಂ ಏರ್ ರೈಫಲ್, ಅಂದ್ರೆ ಮದ್ದಿಲ್ದೆ ಗಾಳಿ ಒತ್ತಡದಲ್ಲೇ ಪೆಲೆಟ್ ಅನ್ನೋ ಸಣ್ಣ ಸೀಸದ ಗುಂಡು ಹಾರಿಸೋದು. ಬೋರ್, ಅಂದ್ರೆ ನಳಿಗೆ ಒಳಗಿನ ಅಗಲ, .177 ಇಂಚು (ಅದೇ 4.5 ಎಂಎಂ) ಮೀರದೆ, ಹೊಡೆತದ ಶಕ್ತಿ 20 ಜೂಲ್ ದಾಟದೆ ಇದ್ರೆ ಇದಕ್ಕೆ ಲೈಸೆನ್ಸ್ ಬೇಡ, ಅಂಗಡೀಲಿ ಗುರುತಿನ ಚೀಟಿ ವಿಳಾಸದ ದಾಖಲೆ ಕೊಟ್ಟು ಬಿಲ್ ಸಮೇತ ತರ್ಬೋದು. ಬಿಲ್ ಬಿಸಾಕ್ಬೇಡಿ, ದಾರೀಲಿ ಪೊಲೀಸ್ರು ಕೇಳಿದ್ರೆ ಅದೇ ಆಧಾರ. .22 ಬೋರಿನ ಏರ್‌ಗನ್‌ಗೆ ಲೈಸೆನ್ಸ್ ಬೇಕೇ ಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಹಂಗೇ .177 ತಂದು ಆಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿಸಿ ಶಕ್ತಿ ಏರಿಸಿ 20 ಜೂಲ್ ದಾಟಿಸಿದ್ರೂ ಅದು ಲೈಸೆನ್ಸ್ ಬೇಕಾದ ಆಯುಧ ಆಗಿಬಿಡುತ್ತೆ.

ಏರ್ ರೈಫಲ್ ಅಂದ ತಕ್ಷಣ ಹುಡುಗ್ರ ಮುಖ ಸಪ್ಪಗಾಗುತ್ತೆ, ದಸರಾ ಎಕ್ಸಿಬಿಷನ್‌ಲಿ ಬಲೂನ್ ಒಡೆಯೋದು ಅನ್ಕೋತಾರೆ. 2008ರ ಬೀಜಿಂಗ್‌ಲಿ ಅಭಿನವ್ ಬಿಂದ್ರಾ ಈ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದಿದ್ದು ಇದೇ 10 ಮೀಟರ್ ಏರ್ ರೈಫಲ್‌ಲಿ. 2004ರ ಅಥೆನ್ಸ್ ಫೈನಲ್‌ಗೆ ಹೋದ ಸುಮಾ ಶಿರೂರ್ ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. 2024ರಲ್ಲಿ ಪ್ಯಾರಿಸ್‌ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಕೂಡ ಒಂದೊಂದೇ ಗುಂಡು ಕೈಯಲ್ಲಿ ತುಂಬಿ ಹೊಡೆಯೋದು. ಒಲಿಂಪಿಕ್ಸ್ ರೈಫಲ್ ಸ್ಪರ್ಧೇಲಿ ಸೆಮಿ ಆಟೋಗೆ ಜಾಗಾನೇ ಇಲ್ಲ ಕಣ್ರಪ್ಪಾ. ಏರ್ ರೈಫಲ್ ಟಾರ್ಗೆಟ್‌ನ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ, ಅದನ್ನ ನಿಂತ್ಕೊಂಡು ಹತ್ತು ಮೀಟರಿಂದ ಹೊಡೀಬೇಕು, ಅರವತ್ತು ಸಲ.

ಈಗ ಆರಿಸೋದು ಹೆಂಗೆ. ಅಂಗಡಿಯೋರು ಮೊದ್ಲು ಹೇಳೋದೇ ಸ್ಪೀಡು, ಎಫ್‌ಪಿಎಸ್ ಅಂದ್ರೆ ಪೆಲೆಟ್ ಸೆಕೆಂಡಿಗೆ ಹೋಗೋ ಅಡಿ, ಇದು ಇಷ್ಟು ಎಫ್‌ಪಿಎಸ್ಸು, ಅದು ಅಷ್ಟು ಎಫ್‌ಪಿಎಸ್ಸು ಅಂತ. ಅದನ್ನ ಕಿವೀಗೆ ಹಾಕ್ಕೋಬೇಡಿ. ಒಲಿಂಪಿಕ್ಸ್‌ಲಿ ಬಳಸೋ ಲಕ್ಷಗಟ್ಟಲೆ ರೂಪಾಯಿ ರೈಫಲ್‌ಗಳ ಪೆಲೆಟ್ ಹೋಗೋದು ಸೆಕೆಂಡಿಗೆ 170-175 ಮೀಟರ್ ವೇಗದಲ್ಲಿ, ಅಂದ್ರೆ ಆರ್ನೂರು ಎಫ್‌ಪಿಎಸ್ ಕೂಡ ಮುಟ್ಟಲ್ಲ. ವೇಗ ಜಾಸ್ತಿ ಮಾಡೋಕೆ ಸ್ಪ್ರಿಂಗ್ ಗಟ್ಟಿ ಆಗ್ಬೇಕು, ಸ್ಪ್ರಿಂಗ್ ಗಟ್ಟಿ ಆದಷ್ಟೂ ಕಾಕ್ ಮಾಡೋಕೆ, ಅಂದ್ರೆ ಸ್ಪ್ರಿಂಗ್ ಅದುಮಿ ಸಜ್ಜು ಮಾಡೋಕೆ ಕಷ್ಟ, ರೈಫಲ್ ಕುಣಿಯೋದೂ ಜಾಸ್ತಿ. ನೀವು ನೋಡ್ಬೇಕಾಗಿರೋದು ಟ್ರಿಗರ್. ನಿಧಾನಕ್ಕೆ ಎಳೆದಾಗ ಮೊದ್ಲು ಹಗುರವಾಗಿ ಬಂದು ಒಂದು ಕಡೆ ನಿಲ್ಬೇಕು, ಅಲ್ಲಿಂದ ಚೂರೇ ಒತ್ತಿದ್ರೆ ಬಿಡ್ಬೇಕು, ಮರಳಲ್ಲಿ ಎಳೆದ ಹಾಗೆ ಗರಗರ ಅಂದ್ರೆ ಅದು ಎಷ್ಟೇ ಚಂದ ಕಾಣ್ಲಿ ಬಿಟ್ಟು ಬನ್ನಿ.

ಕಡಿಮೆ ಬಜೆಟ್‌ಗೆ ಸಿಗೋದು ನಳಿಗೆ ಕೆಳಕ್ಕೆ ಬಗ್ಗಿಸಿ ಲೋಡ್ ಮಾಡೋ ಸ್ಪ್ರಿಂಗ್ ರೈಫಲ್. ನಮ್ಮ ದೇಶದಲ್ಲೇ ತಯಾರಾಗೋವು ಸಾಕಷ್ಟಿವೆ, ಪ್ರಿಸಿಹೋಲ್ ಥರದ ಕಂಪನಿಗಳು ಚೆನ್ನಾಗೇ ಮಾಡ್ತಿವೆ. ಇದ್ರ ಗುಣ ಏನಂದ್ರೆ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ಹೋಗಿ ಗುದ್ದಿ ನಿಂತಾಗ ಮುಂದಕ್ಕೆ ಹಾರುತ್ತೆ, ಇದಿಷ್ಟೂ ಆಗೋ ಹೊತ್ತಿಗೆ ಪೆಲೆಟ್ ಇನ್ನೂ ನಳಿಗೇಲೇ ಇರುತ್ತೆ. ಹಂಗಾಗಿ ಬಿಗಿಯಾಗಿ ಹಿಡಿದಷ್ಟೂ ಗುರಿ ತಪ್ಪುತ್ತೆ, ಅಂಗೈ ಮೇಲೆ ಸುಮ್ನೆ ಕೂರಿಸಿ ಅದು ಹೆಂಗೆ ಅಲುಗುತ್ತೋ ಹಂಗೆ ಅಲುಗೋಕೆ ಬಿಡ್ಬೇಕು, ಇದನ್ನ ಕಲಿತೋನು ಮುಂದೆ ಯಾವ ರೈಫಲ್ ಬೇಕಾದ್ರೂ ಹೊಡೀತಾನೆ. ಅಗ್ಗದ ಸ್ಕೋಪ್ (ಗುರಿ ನೋಡೋ ದುರ್ಬೀನು) ಹಾಕಿಸ್ಬೇಡಿ, ಈ ಎರಡು ಕಡೆ ಒದೆತಕ್ಕೆ ಅದು ಬೇಗ ಕೆಡುತ್ತೆ, ಮೊದ್ಲನೇ ವರ್ಷ ನಳಿಗೆ ಮೇಲಿನ ಮಾಮೂಲಿ ಸೈಟ್ ಸಾಕು. ನಳಿಗೆ ಮುಚ್ಚಿದ್ಮೇಲೆ ಪಕ್ಕಕ್ಕೆ ಅಲುಗಾಡುತ್ತಾ ನೋಡಿ, ಅಲುಗಿದ್ರೆ ಒಂದೊಂದು ಪೆಲೆಟ್ ಒಂದೊಂದು ದಿಕ್ಕಿಗೆ ಹೋಗುತ್ತೆ. ನಳಿಗೆ ಬಗ್ಗಿಸಿರುವಾಗ ಟ್ರಿಗರ್ ಮುಟ್ಟಲೇಬಾರ್ದು, ಬೆರಳು ಹೋಗಿರೋ ಕಥೆಗಳಿವೆ, ಪೆಲೆಟ್ ಇಲ್ದೆ ಖಾಲಿ ಹೊಡೆದ್ರೂ ಪಿಸ್ಟನ್ ಸೀಲ್ ಹಾಳು.

ಸ್ವಲ್ಪ ಜಾಸ್ತಿ ದುಡ್ಡಿದ್ರೆ ಪಿಸಿಪಿ, ಅಂದ್ರೆ ಮೊದ್ಲೇ ತುಂಬಿಟ್ಟ ಗಾಳಿಯ ಸಿಲಿಂಡರ್ ಇರೋದು. ಒದೆತ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಸ್ಪರ್ಧೇಲಿ ಎಲ್ರೂ ಇದನ್ನೇ ಬಳಸೋದು. ಆದ್ರೆ ಸಿಲಿಂಡರ್‌ಗೆ ಸಾಮಾನ್ಯವಾಗಿ 200 ಬಾರ್ ಒತ್ತಡ ಬೇಕು, ಕಾರಿನ ಟೈರಲ್ಲಿರೋದು ಎರಡು ಬಾರ್ ಚಿಲ್ಲರೆ, ಹಂಗಾಗಿ ಪಂಕ್ಚರ್ ಅಂಗಡೀಲಿ ತುಂಬಿಸೋಕಾಗಲ್ಲ, ವಿಶೇಷ ಕೈಪಂಪ್ ಇಲ್ಲಾಂದ್ರೆ ದೊಡ್ಡ ಸಿಲಿಂಡರ್ ಬೇಕು, ರೈಫಲ್ ಬೆಲೆ ಜೊತೆ ಅದನ್ನೂ ಸೇರಿಸಿ ಲೆಕ್ಕ ಹಾಕಿ. ಜರ್ಮನ್ ಕಂಪನಿಗಳ ಸೆಕೆಂಡ್ ಹ್ಯಾಂಡ್ ವಾಲ್ಟರ್, ಫೈನ್‌ವೆರ್ಕ್‌ಬಾವ್ ಅಗ್ಗಕ್ಕೆ ಸಿಗ್ತಿದೆ ಅಂತ ಯಾರಾದ್ರೂ ತೋರಿಸಿದ್ರೆ ಮೊದ್ಲು ಸಿಲಿಂಡರ್ ಮೇಲೆ ಒತ್ತಿರೋ ತಾರೀಕು ನೋಡಿ, ಅದಕ್ಕೆ ಆಯಸ್ಸು ಅಂತ ಇದೆ, ಹತ್ತು ವರ್ಷ ದಾಟಿದ್ದನ್ನ ಮುಟ್ಟಬೇಡಿ, 200 ಬಾರ್ ಮುಖದ ಪಕ್ಕದಲ್ಲೇ ಇರುತ್ತೆ.

ಕೊಳ್ಳೋಕೆ ಮುಂಚೆ ಇನ್ನೊಂದು, ನಿಮ್ಮ ಯಾವ ಕಣ್ಣು ಬಲವಾದದ್ದು ತಿಳ್ಕೊಳ್ಳಿ. ಎರಡೂ ಕೈ ಚಾಚಿ ಬೆರಳ ಮಧ್ಯೆ ಸಣ್ಣ ಕಿಂಡಿ ಮಾಡಿ ಎರಡೂ ಕಣ್ಣು ತೆಗೆದು ದೂರದ ಲೈಟ್ ಕಂಬ ನೋಡಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ, ಯಾವ ಕಣ್ಣು ತೆಗೆದಿದ್ದಾಗ ಕಂಬ ಕಾಣುತ್ತೋ ಅದೇ ನಿಮ್ಮ ಕಣ್ಣು. ಬಲಗೈಯೋರಿಗೆ ಎಡಗಣ್ಣು ಬಲವಾಗಿರೋದು ಅಪರೂಪ ಏನಲ್ಲ, ಅದು ಗೊತ್ತಿಲ್ದೆ ವರ್ಷಗಟ್ಟಲೆ ಒದ್ದಾಡ್ತಾರೆ. ಆಮೇಲೆ ಪೆಲೆಟ್ಟು. ಕಾಗದದ ಗುರಿಗೆ ಮೂತಿ ಚಪ್ಪಟೆ ಇರೋದು ತಗೊಳ್ಳಿ, ತೂತು ಶುಭ್ರವಾಗಿ ಬೀಳುತ್ತೆ. ಒಂದೇ ಬ್ರ್ಯಾಂಡ್ ಹತ್ತು ಡಬ್ಬಿ ತರ್ಬೇಡಿ, ಎರಡು ಮೂರು ಥರದ್ದು ಒಂದೊಂದು ಡಬ್ಬಿ ತಂದು ನಿಮ್ಮ ನಳಿಗೆಗೆ ಯಾವ್ದು ಒಗ್ಗುತ್ತೆ ನೋಡಿ. ನನ್ನ ಮಾತು ಕೇಳೋದಾದ್ರೆ ಕೈಲಿ ಇಪ್ಪತ್ತು ಸಾವಿರ ಇದ್ರೆ ರೈಫಲ್‌ಗೆ ಹನ್ನೆರಡು ದಾಟಿಸ್ಬೇಡಿ, ಉಳಿದಿದ್ದು ಪೆಲೆಟ್, ಕಣ್ಣಿಗೆ ಗ್ಲಾಸ್, ಪೆಲೆಟ್ ಹಿಡಿಯೋ ಪೆಟ್ಟಿಗೆ, ಬೀಗ ಹಾಕೋ ಕೇಸ್‌ಗೆ ಇಟ್ಕೊಳ್ಳಿ. ಪೆಲೆಟ್ ಸೀಸದ್ದು, ಹೊಡೆದಾದ್ಮೇಲೆ ಕೈ ಸೋಪಲ್ಲಿ ತೊಳೀದೆ ಊಟಕ್ಕೆ ಕೂರ್ಬೇಡಿ.

ಒಂದು ಮಾತು ಖಡಾಖಂಡಿತವಾಗಿ ಹೇಳ್ಬೇಕು. ಏರ್ ರೈಫಲ್ ಬಂದ ಮನೇಲಿ ಮೊದ್ಲು ಗುರಿ ಆಗೋದು ಹಕ್ಕಿ. ನಮ್ಮದು ಕೊಕ್ಕರೆ ಬೆಳ್ಳೂರು, ರಂಗನತಿಟ್ಟು ಇರೋ ಜಿಲ್ಲೆ, ಹೆಜ್ಜಾರ್ಲೆ ಕೊಕ್ಕರೆಗಳನ್ನ ಮನೆ ಮಕ್ಕಳ ಥರ ನೋಡ್ಕೊಂಡಿರೋ ಊರು ಮದ್ದೂರು ತಾಲ್ಲೂಕಲ್ಲಿದೆ. ನವಿಲು ಗದ್ದೆಗೆ ಬಂದು ಬೆಳೆ ಹಾಳು ಮಾಡುತ್ತೆ ನಿಜ, ರೈತನ ಸಂಕಟ ನನಗೂ ಗೊತ್ತು, ಆದ್ರೆ ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟೀಲಿರೋ ಪ್ರಾಣಿ, ಅದಕ್ಕೆ ಪೆಲೆಟ್ ಹೊಡೆದ್ರೆ ನೇರ ಜೈಲಿನ ದಾರಿ. ಹಂದಿ ಕೋತಿಗೆ ಹೊಡೆದ್ರೆ ಸಾಯಲ್ಲ, ಗಾಯ ಕೊಳೆತು ವಾರಗಟ್ಟಲೆ ನರಳುತ್ತೆ. ಕಾಗದದ ಗುರಿ ಬಿಟ್ಟು ಜೀವ ಇರೋದ್ರ ಕಡೆ ನಳಿಗೆ ತಿರುಗಿಸೋ ಹುಡುಗನಿಗೆ ಅಪ್ಪ ಅಮ್ಮ ರೈಫಲ್ ಕೊಡಿಸಲೇಬೇಡಿ.

ಕೊನೇದಾಗಿ ಸರ್ಕಾರಕ್ಕೆ ಒಂದು ಬೇಡಿಕೆ. ಮೊದ್ಲನೇ ರೈಫಲ್ ಆರಿಸೋಕೆ ಸರಿಯಾದ ದಾರಿ ಅಂದ್ರೆ ಕೊಳ್ಳೋಕೆ ಮುಂಚೆ ನಾಕೈದು ರೈಫಲ್ ಭುಜಕ್ಕಿಟ್ಟು ಹೊಡೆದು ನೋಡೋದು, ಹಳ್ಳಿ ಹುಡುಗ್ರಿಗೆ ಆ ಅವಕಾಶ ಎಲ್ಲಿದೆ, ಮೈಸೂರು ಬೆಂಗಳೂರಿನ ದುಡ್ಡಿರೋ ಮನೆ ಮಕ್ಕಳಿಗೆ ಮಾತ್ರ ಕ್ಲಬ್ಬು ಕೋಚು ಸಿಗುತ್ತೆ. ಹತ್ತು ಮೀಟರ್ ಅಂದ್ರೆ ಮೂವತ್ಮೂರು ಅಡಿ ಅಷ್ಟೇ, ಒಬ್ಬೊಬ್ಬ ನಿಲ್ಲೋಕೆ ಒಂದು ಮೀಟರ್ ಅಗಲ ಸಾಕು, ಗುರಿ ಇರೋದು 1.4 ಮೀಟರ್ ಎತ್ತರದಲ್ಲಿ. ಹಿಂದೆ ಗಟ್ಟಿ ಗೋಡೆ, ಒಳಗಿಂದ ಬೀಗ ಹಾಕೋ ಬಾಗ್ಲು, ಒಳ್ಳೆ ಲೈಟು ಇದ್ರೆ ಯಾವ ಪಿಯು ಕಾಲೇಜಿನ ಹಾಲ್ ಆದ್ರೂ ಆಗುತ್ತೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೋರು ತಾಲ್ಲೂಕಿಗೆ ಒಂದಾದ್ರೂ ಇಂಥ ಹಾಲ್ ಗುರುತಿಸಿ ಆರು ಏರ್ ರೈಫಲ್ ಕೊಡ್ಲಿ, ಎನ್‌ಸಿಸಿಲಿ ಗುರಿ ಕಲಿಸಿ ನಿವೃತ್ತರಾದ ಹವಾಲ್ದಾರರು, ಮಾಜಿ ಸೈನಿಕರು ನಮ್ಮ ಊರೂರಲ್ಲೂ ಇದಾರೆ, ಅವ್ರಿಗೆ ಗೌರವಧನ ಕೊಟ್ಟು ಕರೀಲಿ, ರೈಫಲ್‌ಗಳನ್ನ ಕಬ್ಬಿಣದ ಬೀರುವಲ್ಲಿ ಇಟ್ಟು ಕೀಲಿ ಪ್ರಿನ್ಸಿಪಾಲ್ ಹತ್ರ ಇರ್ಲಿ, ಹುಡುಗೀರಿಗೂ ಬೇರೆ ಬ್ಯಾಚ್ ಇರ್ಲಿ. ಬರೋ ಬೇಸಿಗೆ ಶಿಬಿರದ ಪಟ್ಟೀಲಿ ಈಜು, ವಾಲಿಬಾಲ್, ಕಬಡ್ಡಿ ಜೊತೆ ಏರ್ ರೈಫಲ್ ಹೆಸರೂ ಸೇರಿಸ್ಬೇಕು ಅಂತ ಈ ಪತ್ರಿಕೆ ಮೂಲಕ ಕೇಳ್ಕೊತೀನಿ.

– ಎನ್‌ಸಿಸಿಯ ಒಬ್ಬ ಹಳೇ ಕೆಡೆಟ್, ಮಂಡ್ಯ