ದುಬೈನಲ್ಲಿ ಟ್ಯೂಷನ್ ಹಿಡಿಯುವ ಮುಂಚೆ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಶಾಲೆಯ ಸಂಬಳದಲ್ಲಿ ಬಾಡಿಗೆ ಕಳೆದರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ, ಸಂಜೆ ಇಂಗ್ಲಿಷ್ ಟ್ಯೂಷನ್ ಹಿಡಿಯಲೇ ಎಂದು ಕೇಳಿದ್ದೀಯ. ಹಿಡಿ ಮಗಳೇ. ಆದರೆ ಮೊದಲ ಮಗು ನಿನ್ನೆದುರು ಪುಸ್ತಕ ಬಿಚ್ಚುವ ಮುಂಚೆ ಪರ್ಮಿಟ್ ನಿನ್ನ ಕೈಯಲ್ಲಿರಬೇಕು. ಎಲ್ಲರೂ ಮಾಡುತ್ತಾರೆ, ಯಾರು ನೋಡುತ್ತಾರೆ ಎನ್ನುವವರ ಮಾತಿಗೆ ಕಿವಿಗೊಡಬೇಡ. ಸಿಕ್ಕಿಬಿದ್ದರೆ ಹೋಗುವುದು ಟ್ಯೂಷನ್ ಹಣವಷ್ಟೇ ಅಲ್ಲ, ಶಾಲೆಯ ಕೆಲಸಕ್ಕೂ ವೀಸಾಕ್ಕೂ ಸಂಚಕಾರ.

ಹಿಂದೆ ಅಲ್ಲಿನ ಶಿಕ್ಷಕರು ಕದ್ದುಮುಚ್ಚಿ ಪಾಠ ಹೇಳಬೇಕಿತ್ತು. 2023ರ ಡಿಸೆಂಬರ್‌ನಲ್ಲಿ ಯುಎಇಯ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ಶಿಕ್ಷಣ ಸಚಿವಾಲಯ ಸೇರಿ ಖಾಸಗಿ ಶಿಕ್ಷಕರ ಪರ್ಮಿಟ್ ತಂದವು. ಅದಕ್ಕೆ ಶುಲ್ಕವಿಲ್ಲ, ಅವಧಿ 2 ವರ್ಷ. ಒಬ್ಬರಿಗೂ ಹೇಳಬಹುದು, ಗುಂಪಿಗೂ ಹೇಳಬಹುದು. ಅರ್ಜಿ ಆನ್‌ಲೈನ್‌ನಲ್ಲೇ. ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್, ಫೋಟೊ, ಪೊಲೀಸರ ಸನ್ನಡತೆ ಪತ್ರ, ವೈದ್ಯಕೀಯ ಪ್ರಮಾಣಪತ್ರ, ಅನುಭವದ ಪತ್ರ, ಶಾಲೆಯ ಎನ್‌ಒಸಿ (ನಮ್ಮ ಅಭ್ಯಂತರವಿಲ್ಲ ಎಂಬ ಪತ್ರ), ಇವಿಷ್ಟನ್ನೂ ಮೊದಲೇ ಸ್ಕ್ಯಾನ್ ಮಾಡಿ ಒಂದು ಫೋಲ್ಡರ್‌ನಲ್ಲಿಟ್ಟುಕೋ. ನೀತಿಸಂಹಿತೆಗೆ ಸಹಿ ಹಾಕುವ ಮುಂಚೆ ಪೂರ್ತಿ ಓದು. ತೀರ್ಮಾನಕ್ಕೆ 5 ಕೆಲಸದ ದಿನ. ತಿರಸ್ಕಾರವಾದರೆ 6 ತಿಂಗಳು ಕಾಯಬೇಕು, ಹಾಗಾಗಿ ಅರೆಬರೆ ಕಾಗದ ಹಿಡಿದು "ಹಾಕಿ ನೋಡೋಣ" ಎಂದು ಹೊರಡಬೇಡ.

ಇಷ್ಟರಲ್ಲಿ ಕಷ್ಟದ ಕಾಗದ ಎನ್‌ಒಸಿ ಒಂದೇ. ಏಪ್ರಿಲ್‌ನಲ್ಲಿ ಹೊಸ ವರ್ಷದ ದಾಖಲಾತಿಯ ಗಡಿಬಿಡಿ ಇರುವಾಗ ಪ್ರಿನ್ಸಿಪಾಲರನ್ನು ಕೇಳಬೇಡ, ಮೇ ನಡುವೆ ಕೇಳು. ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ. "ಶಾಲಾ ಸಮಯದ ಹೊರಗೆ, ಈ ಶಾಲೆಯಲ್ಲಿ ನಾನು ಕಲಿಸುವ ಮಕ್ಕಳನ್ನು ಬಿಟ್ಟು" ಎಂದು ನೀನಾಗಿಯೇ ಅರ್ಜಿಯಲ್ಲಿ ಬರೆದುಕೊಡು. ಅವರ ಅರ್ಧ ಹಿಂಜರಿಕೆ ಅಲ್ಲೇ ಕರಗುತ್ತದೆ. ಆ ಮಾತನ್ನು ಉಳಿಸಿಕೊಳ್ಳಲೂಬೇಕು. ನೀನೇ ಅಂಕ ಹಾಕುವ ಮಗುವಿನ ಮನೆಯಿಂದ ದುಡ್ಡು ತೆಗೆದುಕೊಂಡರೆ ಆ ಮಗುವಿಗೆ ಬಂದ ಪ್ರತಿ ಅಂಕದ ಮೇಲೂ ಉಳಿದ ತಾಯಂದಿರ ಕಣ್ಣು ಬೀಳುತ್ತದೆ.

ಇನ್ನು ದುಡ್ಡಿನ ಲೆಕ್ಕ. ಹೆಚ್ಚಿನವರು ಫೀಸು ಎಣಿಸುತ್ತಾರೆ, ದಾರಿ ಎಣಿಸುವುದಿಲ್ಲ. ಗಂಟೆಗೆ 100 ದಿರ್ಹಮ್ ಕೊಡುವ ಮನೆ ಸಿಕ್ಕಿತು ಎನ್ನು. ಹೋಗಲು 45 ನಿಮಿಷ, ಬರಲು 45 ನಿಮಿಷ, ಟ್ಯಾಕ್ಸಿಗೆ 50 ದಿರ್ಹಮ್. ಎರಡೂವರೆ ಗಂಟೆಗೆ ಉಳಿದದ್ದು 50, ಅಂದರೆ ಗಂಟೆಗೆ 20. ಅದೇ ನಿನ್ನ ಕಟ್ಟಡದಲ್ಲೋ ಪಕ್ಕದ ಕಟ್ಟಡದಲ್ಲೋ ಒಂದೇ ತರಗತಿಯ ಮೂವರನ್ನು ಕೂರಿಸಿಕೊಂಡು ತಲಾ 50 ತೆಗೆದುಕೊಂಡರೆ ಗಂಟೆಗೆ 150, ಟ್ಯಾಕ್ಸಿಯ ಮಾತೇ ಇಲ್ಲ. ಕರಾಮಾ, ಅಲ್ ನಹ್ದಾ, ಅಲ್ ಕುಸೈಸ್‌ನಂಥ ಕಡೆ ನಮ್ಮ ದೇಶದ ಕುಟುಂಬಗಳು ಒತ್ತೊತ್ತಾಗಿವೆ, ಮೂವರು ಸಿಗುವುದು ಕಷ್ಟವಲ್ಲ. ನಾಲ್ಕಕ್ಕಿಂತ ಹೆಚ್ಚು ಬೇಡ. ಐದನೆಯವನು ಬಂದನೆಂದರೆ ಒಬ್ಬೊಬ್ಬರ ಬರಹ ನೋಡಲು ಹೊತ್ತು ಸಾಲದು.

ವಾರಕ್ಕೆ 6 ಗಂಟೆ ಸಾಕು. ಬೆಳಗ್ಗೆಯಿಂದ ತರಗತಿಯಲ್ಲಿ ಮಾತಾಡಿದ ಗಂಟಲು ಅದು. ನಾಲ್ಕು ಪಾಠದ ಹಣ ಮುಂಗಡ ತೆಗೆದುಕೋ. ಹಿಂದಿನ ರಾತ್ರಿಯೊಳಗೆ ತಿಳಿಸದೆ ತಪ್ಪಿಸಿದರೆ ಆ ಪಾಠ ಲೆಕ್ಕಕ್ಕೆ ಸೇರುತ್ತದೆ ಎಂದು ಮೊದಲ ದಿನವೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸು. ಆಮೇಲೆ ಹೇಳಿದರೆ ಮುನಿಸಾಗುತ್ತದೆ. ಬೇರೆಯವರ ಮನೆಗೆ ಹೋದಾಗ ದೊಡ್ಡವರೊಬ್ಬರು ಮನೆಯಲ್ಲಿರಬೇಕು, ಕೋಣೆಯ ಬಾಗಿಲು ತೆರೆದಿರಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ.

ತಿಂಗಳ ಆದಾಯವನ್ನು ಹನ್ನೆರಡರಿಂದ ಗುಣಿಸಬೇಡ. ಜುಲೈ, ಆಗಸ್ಟ್ ಮಕ್ಕಳೆಲ್ಲ ಊರಿಗೆ ಹೋಗುತ್ತಾರೆ, ಡಿಸೆಂಬರ್‌ನಲ್ಲಿ ಚಳಿಗಾಲದ ರಜೆ, ಮಾರ್ಚ್‌ನಲ್ಲಿ ಪರೀಕ್ಷೆ. ಎಂಟು ತಿಂಗಳ ಹಣ ಎಂದುಕೋ. ರಂಜಾನ್ ತಿಂಗಳಲ್ಲಿ ಇಫ್ತಾರ್ ಹೊತ್ತಿಗೆ ರಸ್ತೆ ಕಿಕ್ಕಿರಿಯುತ್ತದೆ, ಪಾಠದ ಸಮಯವನ್ನು ಮೊದಲೇ ಬದಲಿಸಿಕೋ.

ಪಾಠದ ಬಗ್ಗೆ ಒಂದು ಮಾತು, ನನಗೆ ಇದೇ ಮುಖ್ಯ. ಟ್ಯೂಷನ್ ಎಂದರೆ ವ್ಯಾಕರಣ ಎಂದು ವರ್ಷವಿಡೀ ಅದನ್ನೇ ಅರೆಯುವವರಿದ್ದಾರೆ. ಸಿಬಿಎಸ್‌ಇ ಹತ್ತನೆಯ ತರಗತಿಯ 80 ಅಂಕದಲ್ಲಿ ವ್ಯಾಕರಣಕ್ಕೆ 10, ಬರವಣಿಗೆಗೆ 10, ಓದಿಗೆ 20, ಸಾಹಿತ್ಯಕ್ಕೆ 40. ಮಕ್ಕಳು ಅಂಕ ಕಳೆದುಕೊಳ್ಳುವುದು 40–50 ಪದದ ಉತ್ತರಗಳಲ್ಲಿ. ಕಥೆಯನ್ನೆಲ್ಲ ಹೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಮೊದಲ ದಿನ ಏನನ್ನೂ ಕಲಿಸಬೇಡ. 100–120 ಪದದ ಒಂದು ಪತ್ರ ಬರೆಸು. ಪುಟವೆಲ್ಲ ಕೆಂಪು ಮಾಡದೆ ಮೂರೇ ಮೂರು ಬಗೆಯ ತಪ್ಪು ಆರಿಸಿಕೋ.

ಒಂದು ಉದಾಹರಣೆ: ಮಗು "ವೀ ಡಿಸ್ಕಸ್ಡ್ ಅಬೌಟ್ ದ ಪ್ಲಾನ್" ಎಂದು ಬರೆಯುತ್ತದೆ. ತಪ್ಪು ಎಂದು ಗೆರೆ ಎಳೆದರೆ ನಾಳೆ ಮತ್ತೆ ಅದನ್ನೇ ಬರೆಯುತ್ತದೆ. ಕನ್ನಡದ ಮಗುವಾದರೆ "ಯೋಜನೆಯ ಬಗ್ಗೆ ಚರ್ಚಿಸಿದೆವು" ಎಂದು ಹೇಳಿಸು, ಆ 'ಬಗ್ಗೆ'ಯೇ ಇಂಗ್ಲಿಷಿಗೆ ನುಸುಳಿ 'ಅಬೌಟ್' ಆಗಿದೆ ಎಂದು ತೋರಿಸು. ಹಿಂದಿ, ಮಲಯಾಳಂ ಮನೆಯ ಮಕ್ಕಳಿಗೂ ಇದೇ ಕಾರಣ. 'ಅಬೌಟ್' ಇಲ್ಲದ ಸರಿಯಾದ ವಾಕ್ಯವನ್ನು, "ವೀ ಡಿಸ್ಕಸ್ಡ್ ದ ಪ್ಲಾನ್" ಎಂದು, ಮಗುವೇ ಬೇರೊಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ಪ್ರತಿ ಪಾಠದ ಮೊದಲ ಐದು ನಿಮಿಷ ಅದನ್ನು ಓದಿಸು. ಎರಡು ತಿಂಗಳಾದ ಮೇಲೆ ಮೊದಲ ದಿನದ ಪತ್ರವನ್ನೇ ಮತ್ತೆ ಬರೆಸಿ ಎರಡನ್ನೂ ತಾಯಿಗೆ ತೋರಿಸು. ಫೀಸು ಯಾಕೆ ಎಂಬ ಪ್ರಶ್ನೆ ಆ ಮನೆಯಿಂದ ಬರುವುದಿಲ್ಲ.

ಎನ್‌ಒಸಿಗೆ ಬರೆಯುವ ಅರ್ಜಿಯ ಕರಡನ್ನು ಈ ವಾರವೇ ಕಳಿಸು, ತಿದ್ದಿಕೊಡುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ