ಗೋಡೆಗೆ ಕಪಾಟು ಕೂರಿಸುವ ಮೊದಲು

ಶಿರಸಿ

ಚಿ. ಸೌ. ತಂಗಿಗೆ ದೊಡ್ಡಾಯಿಯ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಚೌತಿ ಮುಗಿದರೂ ಮಳೆ ಬಿಟ್ಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಗೋಡೆಗಳಿಗೆ ಕಪಾಟು ಮಾಡಿಸುವ ವಿಷಯಕ್ಕೆ ನೀನು ಕಳಿಸಿದ ಕಾರವಾರದ ಕೋಡಿಬಾಗದ ಮನೆಯ ಫೋಟೋ, ಕಂಟ್ರಾಕ್ಟರು ಬರೆದುಕೊಟ್ಟ ನಕ್ಷೆ ಎರಡನ್ನೂ ನಿನ್ನ ದೊಡ್ಡಪ್ಪ ಮತ್ತು ನಾನು ಕೂತು ನೋಡಿದೆವು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅಳತೆಗಳಂತೂ ನೆನಪಿರುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

ಮೊದಲು ಮಲಗುವ ಕೋಣೆಯ ಮಾತು. ಅಲ್ಲಿನ ಪಡುವಣ ಗೋಡೆಗೆ ನೆಲದಿಂದ ಮಾಡಿನವರೆಗೆ ವಾರ್ಡ್‌ರೋಬ್ ಕೂರಿಸುವುದು ಬೇಡ. ಅಷ್ಟು ದೊಡ್ಡ ಗೋಡೆ ಸುಮ್ಮನೆ ಖಾಲಿ ಬಿದ್ದಿದೆ ಅಂತ ನಿನಗೆ ಅನ್ನಿಸುವುದು ಸಹಜ. ಆದರೆ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಅದೂ ಸಮುದ್ರದ ಕಡೆಯ ಗಾಳಿಗೆ ಇರಚಲು ಹೊಡೆಯುತ್ತ ಬರುವಂಥದ್ದು. ಆ ಗೋಡೆ ಚಿರೆಕಲ್ಲಿನದು, ಅದರ ಮೈತುಂಬ ತೂತು, ನೀರು ಹೀರಿಕೊಳ್ಳುತ್ತದೆ. ಹೀರಿದ್ದನ್ನು ಮಳೆ ಬಿಟ್ಟಾಗ ಒಳಗೂ ಹೊರಗೂ ನಿಧಾನಕ್ಕೆ ಆರಿಸಿಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಪಡುವಣ ಜಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಗೋಡೆಗೆ ಇರಚಲು ತಾಗದಿರಲಿ ಅಂತಲೇ. ಅಂಥ ಗೋಡೆಗೆ ಪ್ಲೈವುಡ್ ಅಂಟಿಸಿ, ಮುಂದೆ ಬಾಗಿಲು ಮುಚ್ಚಿಬಿಟ್ಟರೆ ತೇವ ಹೋಗುವುದಾದರೂ ಎಲ್ಲಿಗೆ? ಆಷಾಢ ಮುಗಿಯುವಷ್ಟರಲ್ಲಿ ಸೀರೆಗೆ ಬೂಷ್ಟು, ಹಲಗೆಯ ಬೆನ್ನಿಗೆ ಒರಲೆ. ನಿನ್ನ ಮದುವೆಯ ರೇಷ್ಮೆ ಸೀರೆಗಳು ಆ ಗೋಡೆಗೆ ಹೋಗುವುದನ್ನು ನಾನು ಒಪ್ಪಲಾರೆ.

ವಾಟರ್‌ಪ್ರೂಫ್ ಬಣ್ಣ ಬಳಿದರೆ ಸರಿಹೋಗುತ್ತದೆ ಅಂತ ಕಂಟ್ರಾಕ್ಟರು ಹೇಳಬಹುದು. ಒಳಗಿನಿಂದ ಬಳಿದ ಬಣ್ಣ ಹೊರಗಿನಿಂದ ಬರುವ ನೀರನ್ನು ತಡೆಯುವುದಿಲ್ಲ, ಗೋಡೆಯೊಳಗೇ ಕಟ್ಟಿಹಾಕುತ್ತದೆ. ಆಮೇಲೆ ಗಾರೆಯ ಸಮೇತ ಪದರು ಎದ್ದು ಬರುತ್ತದೆ.

ಮಳೆ ಇರುವಾಗಲೇ ನೀನೊಂದು ಕೆಲಸ ಮಾಡು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿಟ್ಟು, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡು. ಹಾಳೆಯ ಹಿಂಬದಿಗೆ ಹನಿ ಕಟ್ಟಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ ಅಂತ ಅರ್ಥ. ನಿನ್ನ ಕಡೆಯ ಮೈಗೆ ಮಾತ್ರ ಹನಿ ಇದ್ದರೆ ಅದು ಮನೆಯೊಳಗಿನ ಹಬೆ, ಗಾಳಿಯಾಡಿಸಿದರೆ ಹೋಗುತ್ತದೆ. ಕಪಾಟು ಮಾಡಿಸಬೇಕು ಅಂದುಕೊಂಡ ಪ್ರತಿ ಗೋಡೆಗೂ ನೆಲದ ಹತ್ತಿರ ಒಂದು, ಎದೆಮಟ್ಟಕ್ಕೆ ಒಂದು ಹಚ್ಚಿ ನೋಡು. ಎರಡರಲ್ಲೂ ಒಣಗಿದ್ದ ಗೋಡೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೋ.

ಫೋಟೋಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅಡುಗೆಮನೆಗೂ ನಡುಮನೆಗೂ ನಡುವೆ ಇರುವ ಆ ಹಳೆಯ ಬಾಗಿಲು. ಅಲ್ಲಿ ಯಾರೂ ಓಡಾಡುವುದಿಲ್ಲ, ಅದಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿಸುತ್ತೇವೆ ಅಂತ ಬರೆದಿದ್ದೀಯ. ಮುಚ್ಚಿಸಬೇಡ ತಂಗೀ. ಇಡೀ ಮನೆಯಲ್ಲಿ ಕಪಾಟಿಗೆ ಹೇಳಿಮಾಡಿಸಿದ ಜಾಗ ಅದು. ಎರಡೂ ಕಡೆ ಕೋಣೆ ಇರುವುದರಿಂದ ಇರಚಲು ತಾಗುವ ಮಾತಿಲ್ಲ. ಮೇಲಿನ ಗೋಡೆಯ ಭಾರವನ್ನು ಬಾಗಿಲ ಮೇಲಿನ ಕಲ್ಲು ಆಗಲೇ ಹೊತ್ತುಕೊಂಡಿದೆ, ಏನನ್ನೂ ಒಡೆಯಬೇಕಿಲ್ಲ. ಗೋಡೆ 15 ಇಂಚು ದಪ್ಪ ಅಂದೆ. ದಾರಂದ (ಬಾಗಿಲ ಚೌಕಟ್ಟು) ನಡುಮನೆಯ ಕಡೆಗಿದೆ, ಅಂದರೆ ಅಡುಗೆಮನೆಯ ಕಡೆಗೆ ಸುಮಾರು 10 ಇಂಚು ಆಳ ಸಿಗುತ್ತದೆ. ದಾರಂದವನ್ನಾಗಲೀ ಬಾಗಿಲನ್ನಾಗಲೀ ಕೀಳಬೇಡಿ. ಬಾಗಿಲು ಹಾಕಿ ಭದ್ರ ಮಾಡಿಬಿಟ್ಟರೆ ಅದೇ ಕಪಾಟಿನ ಬೆನ್ನಾಗುತ್ತದೆ, ನಡುಮನೆಯಲ್ಲಿ ಕೂತವರಿಗೆ ಹಳೆಯ ಬಾಗಿಲು ಹಾಗೇ ಕಾಣುತ್ತದೆ.

10 ಇಂಚು ಸಾಕಾ ಅಂತ ನೀನು ಕೇಳುತ್ತೀಯ. ಅಡುಗೆಮನೆಗೆ ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಡಬ್ಬಿಗಳು ಒಂದೇ ಸಾಲಿಗೆ ನಿಲ್ಲಬೇಕು, ಒಂದರ ಹಿಂದೆ ಇನ್ನೊಂದು ಅಡಗಬಾರದು. ಆಳದ ಕಪಾಟಿನಲ್ಲಿ ಹಿಂದಿನ ಸಾಲಿಗೆ ಹೋದ ಬೇಳೆಗೆ ಹುಳ ಬಿದ್ದ ಮೇಲೇ ಅದು ಅಲ್ಲಿತ್ತು ಅಂತ ನೆನಪಾಗುವುದು. ಕೆಳಗಿನ ಅಂಕಣ ಒಂದೂವರೆ ಅಡಿ ಎತ್ತರ ಇರಲಿ, ಅಕ್ಕಿ ಡಬ್ಬಿಗೆ, ಜೋನಿಬೆಲ್ಲಕ್ಕೆ, ಅಪ್ಪೆಮಿಡಿಯ ಭರಣಿಗೆ. ಭರಣಿಯ ಹೊಟ್ಟೆಯನ್ನು ಟೇಪಿನಲ್ಲಿ ಅಳೆದುಕೊಂಡೇ ಮುಂದುವರಿ, ದೊಡ್ಡ ಭರಣಿ 10 ಇಂಚಿಗೆ ಕೂರದೆ ಹೋಗಬಹುದು. ಕಣ್ಣಿನ ಮಟ್ಟದ ಅಂಕಣಗಳಿಗೆ 8 ಇಂಚು ಎತ್ತರ ಸಾಕು, ಸಾಸಿವೆ, ಜೀರಿಗೆ, ಮೆಂತೆ, ಮುರುಗಲು ಸಿಪ್ಪೆ ಇಂಥವಕ್ಕೆ. ಹಪ್ಪಳ, ಸಂಡಿಗೆ ತುದಿಗೆ ಹೋಗಲಿ, ದಿನಾ ಬೇಕಾಗುವುದಿಲ್ಲ.

ಈ ಅಂಕಣಗಳಿಗೆ ಹಲಗೆ ಬೇಡ, ಕಡಪಾ ಕಲ್ಲು ಹಾಕಿಸು. ಒಂದಿಂಚು ದಪ್ಪದ್ದು, ಎರಡೂ ತುದಿ ಗೋಡೆಯೊಳಗೆ ಎರಡೆರಡು ಇಂಚು ಕೂರಬೇಕು. ಬಾಗಿಲ ಅಗಲ 3 ಅಡಿಯೊಳಗೇ ಇರುವುದರಿಂದ ನಡುವೆ ಆಧಾರ ಬೇಕಾಗುವುದಿಲ್ಲ. ಒರಲೆಯ ಹೆದರಿಕೆಯೂ ಇಲ್ಲ. ಅದು ಸುಣ್ಣದ ಜಾತಿಯ ಕಲ್ಲಾದ್ದರಿಂದ ಹುಳಿ ಬಿದ್ದಲ್ಲಿ ಕಲೆ ಹಿಡಿಯುತ್ತದೆ, ಉಪ್ಪಿನಕಾಯಿ ಭರಣಿಯ ಕೆಳಗೆ ಒಂದು ತಟ್ಟೆ ಇಟ್ಟುಕೋ.

ಇದು ಚೆನ್ನಾಗಿ ಆಯಿತು ಅಂತ ಉಳಿದ ಗೋಡೆಗಳಲ್ಲೂ ಗೂಡು ಕೊರೆಸಲು ಹೊರಡಬೇಡಿ. ಹಳೆಯ ಭಾಗದಲ್ಲಿ ಕಾಂಕ್ರೀಟ್ ಕಂಬಗಳಿಲ್ಲ, ತೊಲೆ, ಪಕಾಸು, ಹಂಚು ಎಲ್ಲದರ ಭಾರ ಗೋಡೆಗಳ ಮೇಲೇ ಇದೆ. ದೀಪದ ಗೂಡನ್ನು ಗೋಡೆ ಕಟ್ಟುವಾಗಲೇ ಬಿಟ್ಟಿರುತ್ತಾರೆ, ಆಮೇಲೆ ಕೊರೆದದ್ದಲ್ಲ.

ಸೀರೆ, ಬಟ್ಟೆಗಳ ವಾರ್ಡ್‌ರೋಬನ್ನು ಮನೆಯ ಹಿಂಬದಿಗಿರುವ ಕಾಂಕ್ರೀಟ್ ಕೋಣೆಗಳಿಗೆ ಸಾಗಿಸು. ಎರಡು ಕೋಣೆಗಳ ನಡುವಿನ ಗೋಡೆಗೆ ಮಳೆಯ ಸಂಪರ್ಕವಿಲ್ಲ. ಅದು ನಾಲ್ಕೂವರೆ ಇಂಚಿನ ಗೋಡೆ, ಕೊರೆಯಲು ಅದರಲ್ಲಿ ಏನೂ ಇಲ್ಲ, ಮುಂದಕ್ಕೆ ಕಟ್ಟಿಸಬೇಕು. ಹ್ಯಾಂಗರ್ ಅಡ್ಡ ನಿಲ್ಲಲು 2 ಅಡಿ ಆಳ ಬೇಕು. ಅದೇ ಗೋಡೆಯಲ್ಲಿ ಕಂಬಗಳು ಮುಂದಕ್ಕೆ ಬಂದು ನಡುವೆ ತಗ್ಗು ಉಳಿದಿದೆಯಲ್ಲ, ಇನ್ನೊಂದು ಕೋಣೆಯ ಕಡೆಯಿಂದ ಅಲ್ಲಿ ಅಳಿಯಂದಿರ ಪುಸ್ತಕಗಳಿಗೆ 9 ಇಂಚಿನ ಅಂಕಣ ಮಾಡಿಸಿ. ಪುಸ್ತಕ ಬಲು ಭಾರ, ಎರಡೂವರೆ ಅಡಿಗೊಂದು ಆಧಾರ ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಗೋಡೆಗೆ ಮೊಳೆ ಹೊಡೆಯುವ ಮೊದಲು ಸ್ವಿಚ್‌ಬೋರ್ಡು ನೋಡಿಕೊಳ್ಳಿ, ಅದರ ನೇರ ಮೇಲೂ ಕೆಳಗೂ ವಯರು ಹೋಗಿರುತ್ತದೆ. ಬಚ್ಚಲಿಗೆ ತಾಗಿದ ಗೋಡೆಯನ್ನು ಹಾಗೇ ಬಿಡಿ.

ಬಾಗಿಲುಗಳ ಮೇಲೆ, 7 ಅಡಿಯಿಂದ 10 ಅಡಿಯವರೆಗೆ, ಅಟ್ಟ ಹಾಕಿಸು. ನಿನ್ನ ಅತ್ತೆಯ ಕಡೆ ಜನ ಬಹಳ, ನಮ್ಮ ಮಾರಿಕಾಂಬೆ ಜಾತ್ರೆಗೆ ವರ್ಷ ಬಿಟ್ಟು ವರ್ಷ ನೆಂಟರು ಬರುವ ಹಾಗೆ ನಿನ್ನ ಮನೆಗೂ ಬರುತ್ತಾರೆ. ಹೆಚ್ಚಿನ ಹಾಸಿಗೆ, ಕಂಬಳಿ, ಚಾಪೆ ಎಲ್ಲ ಅಲ್ಲಿರಲಿ. ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುವುದಾದರೆ ನೆಲದ ಮಟ್ಟದಲ್ಲೇ ಗಾಳಿಯ ಕಿಂಡಿ ಇರಲೇಬೇಕು, ಸೋರಿದ ಗ್ಯಾಸು ಗಾಳಿಗಿಂತ ಭಾರವಾಗಿ ಕೆಳಗೇ ನಿಲ್ಲುತ್ತದೆ.

ಪ್ಲೈವುಡ್ಡಿನ ವಿಷಯದಲ್ಲಿ ಚೌಕಾಸಿ ಮಾಡಬೇಡ. ಐಎಸ್ 710 ಎಂಬ ಮುದ್ರೆ ಇರುವ ಮರೈನ್ ಪ್ಲೈ ತರಿಸು, ದಪ್ಪ 18 ಮಿಲಿಮೀಟರ್. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡು ಕಡಿಮೆಗೆ ಸಿಗುತ್ತವೆ, ಆದರೆ ತೇವಕ್ಕೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಹಾಳೆ 8 ಅಡಿಗೆ 4 ಅಡಿ ಬರುತ್ತದೆ. 2 ಅಡಿಗೆ ಗರಗಸದ ದಪ್ಪ ಕಳೆದು ಅಳತೆ ಇಟ್ಟುಕೊಂಡರೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಸರಿಯಾಗಿ ಬರುತ್ತವೆ. ಎರಡು ಅಡಿ ಒಂದಿಂಚು ಅಂದರೆ ಅರ್ಧ ಹಾಳೆ ದಂಡ. ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಒಂದಿಂಚು ಸಂದು, ಕಪಾಟಿನ ಕೆಳಗೆ 4 ಇಂಚು ಎತ್ತರದ ಕಟ್ಟೆ, ಬಾಗಿಲಲ್ಲಿ ಗಾಳಿಯಾಡಲು ಬೆತ್ತದ ಹೆಣಿಗೆಯಾಗಲೀ ಸಾಲು ತೂತಾಗಲೀ ಇರಲಿ. ಹಲಗೆಯ ಬೆನ್ನಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸಿದರೆ ಒರಲೆ ಹತ್ತಿರ ಸುಳಿಯುವುದು ಕಡಿಮೆ, ಆದರೆ ಅದು ಚರ್ಮ ಸುಡುತ್ತದೆ, ನೀನು ಮುಟ್ಟಬೇಡ. ತಿರುಗಣಿ, ಸ್ಕ್ರೂ ಹಿತ್ತಾಳೆಯದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಆಗಬೇಕು, ಕಾರವಾರದ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬಾಳುವುದಿಲ್ಲ. ಹಿಂದೆ ಮಳೆಗಾಲದಲ್ಲಿ ಕಪಾಟಿನೊಳಗೆ ಝೀರೋ ಬಲ್ಬು ಹಚ್ಚಿಡುತ್ತಿದ್ದೆವು. ಈಗಿನ ಎಲ್‌ಇಡಿಗೆ ಆ ಕಾವೇ ಇಲ್ಲ, ಅದನ್ನು ನಂಬಬೇಡ.

ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಗಲಿ. ಈಗ ಮರ ನೀರು ಕುಡಿದು ಉಬ್ಬಿರುತ್ತದೆ, ಈಗ ಅಳೆದು ಬಾಗಿಲು ಕೂರಿಸಿದರೆ ಬೇಸಿಗೆಗೆ ಸಂದು ಬಿಡುತ್ತದೆ. ಹೊಸ ಗಾರೆ ಪೂರ್ತಿ ಒಣಗುವ ತನಕ ಅದರ ಮುಂದೆ ಹಲಗೆ ನಿಲ್ಲಿಸುವ ಅವಸರ ಬೇಡ. ನಮ್ಮ ಮನೆಗೆ ಬರುವ ಆಚಾರಿಯನ್ನು ಕೇಳಿದ್ದೇನೆ, ಕಾರ್ತಿಕದಲ್ಲಿ ಬಿಡುವಿದೆಯಂತೆ, ಊಟ ವಸತಿ ನೀವು ನೋಡಿಕೊಂಡರೆ ಕಾರವಾರಕ್ಕೆ ಬರಲು ಒಪ್ಪಿದ್ದಾನೆ. ಹಳೆಯ ಬಾಗಿಲ ಅಗಲ, ಎತ್ತರ, ದಾರಂದದಿಂದ ಗೋಡೆಯ ಅಂಚಿನವರೆಗಿನ ಆಳ ಮೂರನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಬರೆದು ಕಳಿಸು. ಹಳೆಯ ಗೋಡೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಫಲಿತಾಂಶವನ್ನೂ ಅದರ ಜೊತೆಗೇ ತಿಳಿಸು.

ಇತಿ ನಿನ್ನ,
ದೊಡ್ಡಾಯಿ