ಟೊಂಗಿ ತುದಿಗೆ ಹೋದಾಂವ

ಗೆಳೆಯಾ,

ಜಮಖಂಡಿಯಿಂದ ನೀ ಕಳಿಸಿದ ಅನುವಾದ ಓದಿದೆ. ‘ಗೋ ಔಟ್ ಆನ್ ಎ ಲಿಮ್’ ಅನ್ನೂ ಇಂಗ್ಲಿಷ್ ನುಡಿಗಟ್ಟು ಬಂದಲ್ಲೆ ‘ಆ ಅಧಿಕಾರಿ ಸಲುವಾಗಿ ಅವರು ಕೈಕಾಲು ಪಣಕ್ಕಿಟ್ಟು ನಿಂತ್ರು’ ಅಂತ ಮಾಡೀದಿ. ಎಡವಿದ್ದು ಅಲ್ಲೇ. ಇಲ್ಲಿ ಲಿಮ್ ಅಂದ್ರ ಗಿಡದ ಟೊಂಗಿ. ಬರಿಯೂವಾಗ ಕೊನಿಗೊಂದು ‘ಬಿ’ ಅಕ್ಷರ ಇರ್ತೈತಿ, ಅನ್ನೂವಾಗ ಇಲ್ಲ. ಹಳೇ ಇಂಗ್ಲಿಷಿನ್ಯಾಗ ಬರಹದಾಗೂ ಇರಲಿಲ್ಲ. ಆವಾಗಿಂದನೂ ಒಂದೇ ಶಬ್ದ ಕೈಕಾಲಿಗೂ ದೊಡ್ಡ ಟೊಂಗಿಗೂ ನಡೀತೈತಿ. ನಮ್ಮ ಕೊಂಬು ಎಮ್ಮಿ ತಲಿ ಮ್ಯಾಲೂ ಐತಿ, ಗಿಡದಾಗೂ ಐತಿ, ಹಂಗ. ನೀ ಹಚ್ಚಿದ ಅರ್ಥ ‘ರಿಸ್ಕ್ ಲೈಫ್ ಅಂಡ್ ಲಿಮ್’ ಅನ್ನೂದರದು. ಬೆಂಕಿ ಹತ್ತಿದ ಮನಿಯೊಳಗ ನುಗ್ಗಾಂವಗ ಅದು ಒಪ್ತೈತಿ.

ಹುಣಸಿ ಗಿಡ ಹತ್ತಾಂವನ್ನ ನೆನಸ್ಕೊ. ಬೊಡ್ಡಿ ಹತ್ರ ಟೊಂಗಿ ದಪ್ಪ. ತುದಿಗೆ ಸರದಂಗ ಸಣ್ಣಾಗ್ತೈತಿ, ಬಾಗ್ತೈತಿ, ಹಿಡೀಲಿಕ್ಕೆ ಮತ್ತೊಂದು ಟೊಂಗಿ ಸಿಗೂದಿಲ್ಲ. ಹಣ್ಣು ಮಾತ್ರ ಅಲ್ಲೇ ಜೋತಾಡ್ತಿರ್ತಾವ. ಎಲ್ಲಾರೂ ಕಬ್ಬ ಹಚ್ಚೋಣು ಅಂತ ಕುಂತಾಗ ಒಬ್ಬಾಂವ ಎದ್ದು ‘ಈ ಸಲ ನೀರು ಸಾಲೂದಿಲ್ಲ’ ಅಂದ್ರ ಅಂವ ಆ ತುದಿಗೆ ಹೋದಾಂವ. ಆಧಾರ ಪೂರ್ತಿ ಇಲ್ಲ, ಬೆನ್ನಿಗೆ ಮಂದಿ ಇಲ್ಲ. ಮಾತು ಸುಳ್ಳಾದ್ರ ನಗೂದು ಅವನ್ನ ನೋಡೇ. ಅಭಿಪ್ರಾಯ, ಅಂದಾಜು, ಇನ್ನೊಬ್ಬರ ಪರ ನಿಲ್ಲೂದು, ಇಷ್ಟಕ್ಕ ಹೆಚ್ಚಾಗಿ ಇದನ್ನ ಬಳಸ್ತಾರ. ಗಾಡಿ ಜೋರ್ ಹೊಡದಾಂವಗ ಹಚ್ಚಬ್ಯಾಡ.

ಕ್ರಿಯಾಪದ ನೋಡಿ ಅನುವಾದ ಮಾಡು. ‘ಗೋ’ ಇದ್ರ ತಾನಾಗೇ ಹೋದ. ‘ಈಸ್ ಔಟ್ ಆನ್ ಎ ಲಿಮ್’ ಅಂದ್ರ ಈಗಾಗಲೇ ಒಂಟಿ ಆಗ್ಯಾನ. ‘ಲೀವ್’ ಬಂದ್ರ ಉಳದವರು ಅವನ್ನ ನಡುನೀರಾಗ ಕೈಬಿಟ್ಟಾರ. ಕನ್ನಡಕ್ಕ ಇಷ್ಟು ಚಂದ ಕೂಡೂದು ಇದೊಂದೇ. ‘ಫಾರ್’ ಸೇರಿದ್ರ ಯಾರದೋ ಸಲುವಾಗಿ.

‘ಕಡ್ಡಿ ಮುರದಂಗ ಹೇಳಿದ’ ಅಂತ ಬರೀಬೇಕು ಅನಸ್ತೈತಿ, ಬರೀಬ್ಯಾಡ. ಕಡ್ಡಿ ಮುರಿಯಾಂವಗ ತನ್ನ ಮಾತಿನ ಮ್ಯಾಲ ಖಾತ್ರಿ ಇರ್ತೈತಿ, ಟೊಂಗಿ ತುದಿಯಾಂವಗ ಇಲ್ಲ. ‘ಖಾತ್ರಿ ಇಲ್ಲಂದ್ರೂ ಧೈರ್ಯ ಮಾಡಿ ಹೇಳಿದ’ ಅನ್ನು, ಉದ್ದಾದ್ರೂ ಆಗ್ಲಿ.

ಇನ್ನೊಂದು, ಚಾಷ್ಟಿಗೂ ಇದನ್ನ ಅಂತಾರ: ‘ಐ ವಿಲ್ ಗೋ ಔಟ್ ಆನ್ ಎ ಲಿಮ್ ಅಂಡ್ ಸೇ ಬಿಜಾಪುರ ಈಸ್ ಹಾಟ್ ಇನ್ ಮೇ.’ ಕೂಸಿಗೂ ಗೊತ್ತಿದ್ದ ಮಾತಿಗೆ ಧೈರ್ಯದ ಸೋಗು. ಅಲ್ಲಿ ‘ಖಾತ್ರಿ ಇಲ್ಲಂದ್ರೂ’ ಅಂತ ಹಾಕಿದ್ರ ನಗಿ ಸತ್ತು ಹೋಗ್ತೈತಿ. ‘ಇರ್ಲಿ, ಧೈರ್ಯ ಮಾಡಿ ಹೇಳೇಬಿಡ್ತೀನಿ’ ಅನ್ನಬೇಕು.

ನಿನ್ನ ವಾಕ್ಯದಾಗ ‘ಫಾರ್’ ಐತಿ ನೋಡು. ‘ಆ ಅಧಿಕಾರಿ ಸಲುವಾಗಿ ಅವರೊಬ್ಬರೇ ಮುಂದ ಬಂದು ನಿಂತ್ರು’ ಅಂತ ತಿದ್ದು. ಕೈಕಾಲು ತಗದುಬಿಡು.

ನಿನ್ನ ಗೆಳೆಯ
ಬಾಗಲಕೋಟೆ